ಇಳಿದದ್ದು ಹೊಟ್ಟೆಯೊಂದೇ

ವೀಲ್‌ಚೇರಿನಲ್ಲಿ ಕೂತಿದ್ದ ಅಜ್ಜಿ ಇದ್ದಕ್ಕಿದ್ದಂತೆ ಎದ್ದು ನಿಂತುಬಿಟ್ಟರಂತೆ.

"ನೀನು ತಳ್ಬೇಡ ಕಣವ್ವಾ. ಈ ಹೊಟ್ಟೆ ಹೊತ್ಕೊಂಡು ನನ್ನ ಬೇರೆ ತಳ್ತೀಯಾ? ಪಾಪ ಸುತ್ಕೊಳ್ತದೆ ನಂಗೆ. ಹೆಂಗೋ ನಡ್ಕೊಂಡೇ ಬರ್ತೀನಿ. ಎಷ್ಟು ತಿಂಗಳು?"

ತಳ್ಳುತ್ತಿದ್ದವಳು ನಮ್ಮಕ್ಕನ ಮಗಳು ನೇತ್ರಾ. (ಹೆಸರು ಬದಲಿಸಿದ್ದೇನೆ. "ಬರೀರಿ ಚಿಕ್ಕಮ್ಮ, ನನ್ನ ಹೆಸರೊಂದು ಬೇಡ" ಎಂದಿದ್ದಾಳೆ.) ಮನೆ ಬೂದಿಗೆರೆಯಲ್ಲಿ, ಕೆಲಸ ಏರ್‌ಪೋರ್ಟಿನಲ್ಲಿ. ನಡೆಯಲಾಗದ ಪ್ರಯಾಣಿಕರನ್ನು ವೀಲ್‌ಚೇರಿನಲ್ಲಿ ಕೂರಿಸಿ ವಿಮಾನದ ಬಾಗಿಲವರೆಗೆ ಬಿಟ್ಟು ಬರುವುದು ಅವಳ ಡ್ಯೂಟಿ.

ನೇತ್ರಾ ಏನಂದಳು ಗೊತ್ತೇ?

"ಏಳು ತಿಂಗಳು, ಅಜ್ಜಿ."

ಸುಳ್ಳು. ಒಂದು ತಿಂಗಳೂ ಇರಲಿಲ್ಲ. ಅಜ್ಜಿ ಅವಳ ಹೊಟ್ಟೆಗೆ ಮೆಲ್ಲಗೆ ಕೈ ತಾಗಿಸಿ, "ತಾಯಿ ಮಗು ಚೆನ್ನಾಗಿರಿ" ಎಂದು ಹರಸಿ ವಿಮಾನ ಹತ್ತಿದರಂತೆ.

"ಇಲ್ಲ ಅನ್ನೋಕೆ ಏನಾಗಿತ್ತೇ ನಿಂಗೆ?" ಎಂದು ಗದರಿದೆ.

"ಇಲ್ಲ ಅಂದ್ರೆ ಅವ್ರಿಗೆ ಮುಜುಗರ. ಸಾರಿ ಅಂತಾರೆ. ಆಮೇಲೆ ಮಕ್ಕಳೆಷ್ಟು ಅಂತಾರೆ. ಹೂಂ ಅಂದ್ಬಿಟ್ರೆ ಅಲ್ಲಿಗೆ ಮುಗೀತದೆ ಚಿಕ್ಕಮ್ಮ. ಆದ್ರೆ ಆಶೀರ್ವಾದ ತಗೊಂಡ್ಬಿಟ್ನಲ್ಲ, ಅದು ಯಾರಿಗೆ ಹೋಗ್ತದೆ?"

ಹಿರಿಯರ ಬಾಯಿಂದ ಮಾತು ಕಲಿತವಳು ನಾನು. ಎಲ್ಲದಕ್ಕೂ ಒಂದು ಗಾದೆ ಹುಡುಕಿ ಒಗೆಯುವವಳು. ಅವತ್ತು ಗಾದೆ ಬಿಟ್ಟು ಅವಳನ್ನು ಹತ್ತಿರ ಕೂರಿಸಿಕೊಂಡೆ.

ಕೆಲವು ವರ್ಷಗಳ ಹಿಂದೆ, ಒಂಬತ್ತು ತಿಂಗಳು ತುಂಬಿದ ಮೇಲೆ, ನೇತ್ರಾಳ ಮಗು ಹೊಟ್ಟೆಯಲ್ಲೇ ತೀರಿಹೋಯಿತು. ಹೆಣ್ಣು. ಹೆರಿಗೆಯಾಯಿತು, ಬರಿಗೈಯಲ್ಲಿ ಮನೆಗೆ ಬಂದಳು. ಹೊಟ್ಟೆ ಮಾತ್ರ ಹೋಗಲಿಲ್ಲ. ಮಗು ಹೋದ ಸುದ್ದಿಯೇ ತನಗೆ ಮುಟ್ಟಿಲ್ಲವೆಂಬಂತೆ ಅಲ್ಲೇ ಕೂತಿತ್ತು.

ಏನು ಮಾಡಲಿಲ್ಲ ಅವಳು? ಮುದ್ದೆ ಬಿಟ್ಟಳು, ಅನ್ನ ಬಿಟ್ಟಳು. ರಜೆ ಸಿಕ್ಕಾಗಲೆಲ್ಲ ಶಿವಗಂಗೆ ಬೆಟ್ಟ ಹತ್ತಿ ಇಳಿದಳು. ಮುಖ ಬಡಕಲಾಯಿತು. ಹೊಟ್ಟೆ ಹಾಗೇ ಇತ್ತು.

ಕೊನೆಗೊಂದು ದಿನ ಎಲ್ಲರ ಮುಂದೆ ಹೇಳಿದಳು. "ನಾನು ಲೈಪೋಸಕ್ಷನ್ ಮಾಡಿಸ್ಕೋತೀನಿ."

ಅವಳ ಗಂಡ ಒಳ್ಳೆಯವನು. "ನಂಗೇನೂ ತೊಂದ್ರೆ ಇಲ್ವಲ್ಲೇ. ಹಿಂಗೇ ಇರು. ಸುಮ್ನೆ ಯಾಕೆ ಕುಯ್ಯಿಸ್ಕೋತೀಯಾ?" ಎಂದ.

"ನಿಂಗೂ ಐತಲ್ಲ ಹೊಟ್ಟೆ, ನನ್ನದಕ್ಕಿಂತ ದೊಡ್ಡದು. ಎಷ್ಟು ತಿಂಗಳು ಅಂತ ಯಾರಾದ್ರೂ ಕೇಳಿದಾರಾ?"

ಅವನು ಅಂಗಿ ಕೆಳಗೆಳೆದುಕೊಂಡ. ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ.

ಬೆಂಗಳೂರಿನ ಡಾಕ್ಟರ ಹತ್ತಿರ ಜೊತೆಗೆ ಹೋದವಳು ನಾನೇ. ಆ ಡಾಕ್ಟರಮ್ಮನನ್ನು ಮೆಚ್ಚಬೇಕು, ಆಸೆ ತೋರಿಸಲಿಲ್ಲ. (ಜಾಹೀರಾತು ನೋಡಿ ಹೊರಡುವವರು ಇದನ್ನು ಕಿವಿಗೆ ಹಾಕಿಕೊಳ್ಳಿ.)

"ಇದು ತೂಕ ಇಳಿಸೋ ಆಪರೇಷನ್ ಅಲ್ಲಮ್ಮಾ, ಆಕಾರ ತಿದ್ದೋದು ಅಷ್ಟೆ. ಚರ್ಮದ ಕೆಳಗಿರೋ ಕೊಬ್ಬನ್ನ ನಳಿಕೆ ಹಾಕಿ ಎಳೀತೀವಿ. ಸಡಿಲ ಆಗಿರೋ ಚರ್ಮ, ಬಸುರಿನ ಗೆರೆಗಳು ಹೋಗಲ್ಲ. ಮೊದಮೊದಲು ಊತ ಇರುತ್ತೆ, ನೀಲಿಗಟ್ಟುತ್ತೆ, ಮುಟ್ಟಿದ್ರೆ ಮರಗಟ್ಟಿದ ಹಾಗಿರುತ್ತೆ. ಬಿಗಿ ಬೆಲ್ಟ್ ಹಾಕ್ಕೊಂಡೇ ಇರ್ಬೇಕು. ಪೂರ್ತಿ ಇಳಿಯೋಕೆ ತಿಂಗಳುಗಳೇ ಹಿಡೀತವೆ. ಆಮೇಲೆ ಬಾಯಿ ಕಟ್ಟದಿದ್ರೆ ಕೊಬ್ಬು ಇನ್ನೊಂದು ಕಡೆ ಬಂದು ಕೂರುತ್ತೆ. ಆಪರೇಷನ್ ಅಂದ್ಮೇಲೆ ಅಪಾಯಾನೂ ಇದ್ದೇ ಇದೆ. ನಂಜಾಗಬಹುದು, ರಕ್ತ ಹೆಪ್ಪುಗಟ್ಟಬಹುದು."

ಎಲ್ಲಕ್ಕೂ ನೇತ್ರಾ ತಲೆಯಾಡಿಸಿದಳು.

"ಇಷ್ಟು ಹೇಳಿದೀನಿ. ಈಗ ನೀವು ಹೇಳಿ, ಇದರಿಂದ ನಿಮಗೇನಾಗ್ಬೇಕು?"

"ಯಾರೂ ಏನೂ ಕೇಳ್ಬಾರ್ದು ಮೇಡಂ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅದಕ್ಕೆ ಮಾತ್ರ ನಾನು ಗ್ಯಾರಂಟಿ ಕೊಡೋಕಾಗಲ್ಲಮ್ಮಾ" ಎಂದರು.

ಆದರೂ ಮಾಡಿಸಿಕೊಂಡಳು. ಆಪರೇಷನ್ ಸುಸೂತ್ರವಾಗಿಯೇ ಆಯಿತು. ಊರವರಿಗೆ ಏನು ಹೇಳುವುದು? "ಹೊಟ್ಟೆ ಆಪರೇಷನ್" ಎಂದಿದ್ದಳು ನಮ್ಮಕ್ಕ. ಅಷ್ಟೇ ಸಾಕಾಯಿತು. ಬೀದಿಯ ಹೆಂಗಸರೆಲ್ಲ ಬ್ರೆಡ್ಡು, ಮೂಸಂಬಿ, ಎಳನೀರು ಹಿಡಿದು ಬಂದರು. ಒಬ್ಬರಂತೂ ತುಪ್ಪವನ್ನೇ ತಂದರು. (ಕೊಬ್ಬು ತೆಗೆಸಿಕೊಂಡು ಮಲಗಿದವಳಿಗೆ ತುಪ್ಪ!) ಮಂಚದ ಸುತ್ತ ಕೂತು, ಕಣ್ಣಲ್ಲಿ ನೀರು ತಂದುಕೊಂಡು, "ಹುಷಾರು ಕಣವ್ವಾ" ಎಂದು ತಲೆ ಸವರಿ ಹೋದರು. ಎಷ್ಟು ಒಳ್ಳೆಯ ಜನ!

ಬಂದವರೆಲ್ಲ ಹೋದ ಮೇಲೆ ಅಕ್ಕ ಮಗಳ ಬೆಲ್ಟು ಸರಿಮಾಡಲು ಕೂತಳು. ಒಂದೊಂದೇ ಕೊಕ್ಕೆ ಹಾಕುತ್ತ, "ಬಿಗಿಯಾಯ್ತೇನೇ?" ಎಂದಳು.

"ಅವತ್ತೂ ಹಿಂಗೇ ಕಟ್ಟಿದ್ದೆ ಅಲ್ವಾ ಅಮ್ಮ, ನಿನ್ನ ಹಳೇ ಸೀರೇಲಿ."

ಬಾಣಂತಿಯ ಹೊಟ್ಟೆಗೆ ಸೀರೆ ಸುತ್ತಿ ಬಿಗಿಯುವುದು ನಮ್ಮಲ್ಲಿ ಎಲ್ಲರ ಮನೆಯ ಪದ್ಧತಿ. ಮಗು ಇಲ್ಲದ ಬಾಣಂತಿಗೂ ಕಟ್ಟಿದ್ದೆವು. ಅದಾದ ಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಅಕ್ಕನ ಕೈ ಕೊಕ್ಕೆಯ ಮೇಲೇ ನಿಂತುಹೋಯಿತು.

"ಇವತ್ತು ಎಷ್ಟು ಜನ ಬಂದ್ರು. ಅವತ್ತು ಯಾರೂ ಬರ್ಲಿಲ್ಲ."

"ಬರ್ಬೇಡಿ ಅಂದಿದ್ದು ನಾನೇ ಕಣೇ" ಎಂದಳು ಅಕ್ಕ. "ನೋಡಿದ್ರೆ ನೀನು ಅಳ್ತೀಯಾ ಅಂತ."

"ಅಳ್ತಿದ್ದೆ. ಅಳ್ಬೇಕಿತ್ತಮ್ಮ."

ನಾನು ಎದ್ದು ಅಡುಗೆಮನೆಗೆ ಹೋದೆ. ಹಿಂದಿನಿಂದ ಇಬ್ಬರೂ ಅಳುವ ಸದ್ದು ಕೇಳಿಸಿತು. ಎಷ್ಟು ವರ್ಷ ತಡವಾಗಿ!

ಡಾಕ್ಟರಮ್ಮ ಹೇಳಿದಂತೆಯೇ ಆಯಿತು. ಮೊದಲ ವಾರಗಳಲ್ಲಿ ಹೊಟ್ಟೆ ಇಳಿಯುವ ಬದಲು ಊದಿಕೊಂಡಿತ್ತು, ಮಾಗಿದ ನೇರಳೆ ಹಣ್ಣಿನ ಬಣ್ಣ. ಮೋಸ ಹೋದೆ ಎಂದು ಅತ್ತಳು. ಆಮೇಲೆ ತಿಂಗಳು ಉರುಳಿದ ಹಾಗೆ ಸದ್ದಿಲ್ಲದೆ ಇಳಿಯಿತು. ಗೆರೆಗಳು ಉಳಿದವು. ಯೂನಿಫಾರ್ಮ್ ಹೊಸದು ಹೊಲಿಸಿದಳು. ಶಿಫ್ಟ್ ಮುಗಿಸಿ ಬಸ್ಸು ಹತ್ತಿದವಳು ನನಗೆ ಫೋನ್ ಮಾಡುತ್ತಿದ್ದಳು. "ಇವತ್ತೂ ಯಾರೂ ಕೇಳ್ಲಿಲ್ಲ ಚಿಕ್ಕಮ್ಮ!" ಲಾಟರಿ ಹೊಡೆದವಳ ದನಿ.

ಕಳೆದ ವಾರ ಸೂಲಿಬೆಲೆಯಲ್ಲಿ ನಮ್ಮವರದೇ ಒಂದು ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ನೇತ್ರಾ ನನ್ನ ಪಕ್ಕದಲ್ಲಿದ್ದಳು. ಬಡಿಸುತ್ತ ಬಂದವರು ಅವಳ ಗಂಡನ ಕಡೆಯ ಒಬ್ಬ ಹಿರಿಯ ಹೆಂಗಸು, ವರಸೆಯಲ್ಲಿ ಅತ್ತೆ. ಒಬ್ಬಟ್ಟಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಇವಳನ್ನು ಮೇಲಿಂದ ಕೆಳಗೆ ನೋಡಿದರು.

"ಏನೇ ನೇತ್ರಾ, ಈ ಪಾಟಿ ಸಣ್ಣಗಾಗಿದೀಯಾ! ಹೊಟ್ಟೇನೇ ಇಲ್ವಲ್ಲೇ. ಮದುವೆಯಾಗಿ ಎಷ್ಟು ವರ್ಷ ಆಯ್ತು, ಇನ್ನೂ ಏನೂ ವಿಶೇಷ ಇಲ್ವಾ?"

ಇವಳು ಈಗ ಯಾವ ಸುಳ್ಳು ಹೇಳುತ್ತಾಳೋ ಎಂದು ನೋಡಿದೆ.

ನೇತ್ರಾ ತಲೆ ಎತ್ತಿ ಹೇಳಿದಳು. "ಒಬ್ಬಳಿದ್ಲು, ಅತ್ತೆ. ಹೆಣ್ಣು ಮಗು. ನಿಮಗೂ ಗೊತ್ತಿತ್ತಲ್ಲ."

ಅತ್ತೆ ಸೆರಗು ಸರಿಮಾಡಿಕೊಂಡರು.

"ಅಯ್ಯೋ, ಶುಭದಿನದಲ್ಲಿ ಅದ್ಯಾಕೆ ಎತ್ತೀಯಾ, ಬಿಡು. ದೇವ್ರಿದಾನೆ. ಮೊದ್ಲು ಚೆನ್ನಾಗಿ ತಿಂದು ಮೈಕೈ ತುಂಬ್ಕೋ. ಹಿಂಗೆ ಒಣಗಿ ಕೂತ್ರೆ ಮಗು ಎಲ್ಲಿ ನಿಲ್ತದೆ?"

ಎಂದವರೇ ಅವಳ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿ, ಹಿಂದೆ ಬಂದ ಹುಡುಗನ ಪಾತ್ರೆಯಿಂದ ಮೇಲೊಂದು ಸೌಟು ತುಪ್ಪ ಸುರಿದು ಮುಂದಕ್ಕೆ ಹೋದರು. ನೇತ್ರಾ ತಿನ್ನಲಿಲ್ಲ, ಏಳಲೂ ಇಲ್ಲ. ತುಪ್ಪ ಎಲೆಯ ತುಂಬ ಹರಡುವುದನ್ನು ನೋಡುತ್ತ ಕೂತಳು.

ನೀವೇ ಹೇಳಿ, ಒಬ್ಬ ಹೆಣ್ಣುಮಗಳ ಹೊಟ್ಟೆ ಎಷ್ಟಿದ್ದರೆ ನಾವು ಸುಮ್ಮನಿರುತ್ತೇವೆ?