ಅವ್ವನ ಮುಂಗೈ

ಗಡಿಯಾಚೆಯ ಜತ್ತಿನ ಕಾಲೇಜಿನಲ್ಲಿ ಮರಾಠಿಯಲ್ಲಿ ತತ್ವಶಾಸ್ತ್ರ ಕಲಿಸುತ್ತೇನೆ, ಮನೆಯಲ್ಲಿ ಕನ್ನಡದಲ್ಲಿ ಬೈಸಿಕೊಳ್ಳುತ್ತೇನೆ. ಎರಡೂ ಸಾಕಾಗಿವೆ. ಪ್ರತಿ ವರ್ಷ ಆಧುನಿಕೋತ್ತರ ಚಿಂತನೆಯ ಪಾಠ ಬಂದಾಗ ಅದೇ ಮಾತು: ಎಲ್ಲವನ್ನೂ ದೇವರು ನೋಡಿಕೊಳ್ಳುತ್ತಾನೆ ಎಂದು ಧರ್ಮ ಒಂದು ದೊಡ್ಡ ಕಥೆ ಹೇಳಿತು. ಆಧುನಿಕರು ಅದನ್ನು ತಳ್ಳಿ, ಎಲ್ಲವನ್ನೂ ಬುದ್ಧಿ ನೋಡಿಕೊಳ್ಳುತ್ತದೆ ಎಂದು ಇನ್ನೊಂದು ಕಥೆ ಕಟ್ಟಿದರು. ಆಮೇಲೆ ಬಂದವರು ಎರಡನ್ನೂ ನಂಬಲಿಲ್ಲ. ಎಲ್ಲರಿಗೂ ಎಲ್ಲ ಕಾಲಕ್ಕೂ ಸಲ್ಲುವ ಸತ್ಯ ಯಾರ ಬಳಿಯೂ ಇಲ್ಲ ಎಂದರು. ತಮಾಷೆ ಎಂದರೆ, ಬುದ್ಧಿ ಗದ್ದುಗೆ ಇಳಿದದ್ದೇ ತಡ, ಹೊರಗೆ ಹೋಗಿದ್ದ ಧರ್ಮ ಹಿತ್ತಲ ಬಾಗಿಲಿಂದ ಬಂದು, ನಾನೂ ಒಂದು ಕಥೆಯೇ, ನನಗೂ ಒಂದು ಮಣೆ ಹಾಕಿ ಎಂದಿತು. ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನವರು ಆಕಳಿಸುತ್ತಾರೆ. ಅವರ ಮೇಲೆ ಸಿಟ್ಟಿಲ್ಲ. ನನಗೂ ಆಕಳಿಕೆ ಬರುತ್ತದೆ.

ಅವ್ವನಿಗೆ ಕೈ ನಡುಗುವ ರೋಗ. ಎಡ ಅಂಗೈಯಲ್ಲಿ ತನ್ನ ಇಷ್ಟಲಿಂಗ ಇಟ್ಟು ಪೂಜೆ ಮಾಡದೆ ಅವಳು ಎಂದೂ ಗುಟುಕು ನೀರು ಕುಡಿದವಳಲ್ಲ. ಈಗ ಆ ಅಂಗೈ ನಿಲ್ಲುವುದಿಲ್ಲ. ಒಂದು ಮುಂಜಾನೆ ಲಿಂಗ ಉರುಳಿ ಮಡಿಲಿಗೆ ಬಿತ್ತು. ಅಂದು ಅವಳು ಏನೂ ತಿನ್ನಲಿಲ್ಲ. ರೋಗದ ಗುಳಿಗೆಯನ್ನು ಬರಿ ಹೊಟ್ಟೆಯಲ್ಲಿ ನುಂಗುವಂತಿಲ್ಲ. ನನಗೆ ಹೆದರಿಕೆಯಾಯಿತು.

“ಮನಸಿನ್ಯಾಗ ಪೂಜಿ ಮಾಡು ಯವ್ವಾ,” ಎಂದೆ.

“ನಾಳಿಂದ ನೀನೂ ಮನಸಿನ್ಯಾಗ ಊಟ ಮಾಡು,” ಎಂದಳು.

ಹಾಗಾದರೆ ಲಿಂಗವನ್ನು ನಾನೇ ಹಿಡಿಯುತ್ತೇನೆ ಎಂದೆ. ಆದರೆ ನಾನು ಓದುವ ಕಾಲದಲ್ಲೇ ನನ್ನ ಕೊರಳ ಲಿಂಗ ತೆಗೆದಿಟ್ಟವನು, ಅಂಥವನ ಅಂಗೈ ಪೂಜೆಗೆ ಸಲ್ಲುವುದಿಲ್ಲ ಎಂದಳು. ಬೇಕಾದರೆ ಮತ್ತೆ ಕಟ್ಟಿಕೊಳ್ಳುತ್ತೇನೆ, ಒಂದು ದಾರ ತಾನೇ ಎಂದೆ. ಮಾತು ಇನ್ನೂ ಕೆಟ್ಟಿತು.

“ಸುಳ್ಳ ಕಟ್ಟಿಗೋಬ್ಯಾಡ. ನನ್ನ ಮುಂಗೈ ಹಿಡಿ, ಸಾಕು.”

ಅಂದಿನಿಂದ ದಿನಾ ಮುಂಜಾನೆ ಅವಳ ಮುಂಗೈಯನ್ನು ಕೆಳಗಿನಿಂದ ಆನಿಸಿ ಹಿಡಿದು ಕೂರುತ್ತೇನೆ. ಅವಳು ವಿಭೂತಿ ಹಚ್ಚುತ್ತಾಳೆ, ಪತ್ರಿ ಏರಿಸುತ್ತಾಳೆ, ಆಮೇಲೆ ಸುಮ್ಮನೆ ನೋಡುತ್ತಾಳೆ. ಭಾಳ ಹೊತ್ತು ನೋಡುತ್ತಾಳೆ. ನನ್ನ ರಟ್ಟೆ ಸೋಲುತ್ತದೆ, ನಡು ಹಿಡಿಯುತ್ತದೆ. ಹೆಂಡತಿ ಒಲೆಯ ಮುಂದೆ ಇರುವುದರಿಂದ ಈ ಕೆಲಸ ನನ್ನ ಪಾಲಿಗೆ ಬಂದಿದೆ ಎಂದುಕೊಂಡಿದ್ದೆ. ನಿಜ ಹೇಳುತ್ತೇನೆ, ಕೆಲವು ದಿನ ಬೇಸರದಿಂದ ಹಲ್ಲು ಕಚ್ಚಿಯೇ ಕೂತಿದ್ದೇನೆ.

ಹೋದ ತಿಂಗಳು ಸಾಂಗ್ಲಿಯಲ್ಲಿ ಒಂದು ಭಾಷಣಕ್ಕೆ ಕರೆದಿದ್ದರು: ಆಧುನಿಕೋತ್ತರ ಚಿಂತನೆ ಮತ್ತು ಧರ್ಮ. ರಾತ್ರಿ ಅಲ್ಲೇ ಉಳಿಯಬೇಕಿತ್ತು. ಹೆಂಡತಿಯ ಕೊರಳಲ್ಲಿ ಲಿಂಗವಿದೆ, ನನಗಿಂತ ಅವಳೇ ಸರಿ, ನಾಳೆ ಅವಳು ಹಿಡಿಯುತ್ತಾಳೆ ಎಂದು ಅವ್ವನಿಗೆ ಹೇಳಿ ಹೊರಟೆ. ಒಂದು ಮುಂಜಾನೆಯಾದರೂ ಬಿಡುವು ಸಿಕ್ಕಿತೆಂದು ಖುಷಿಯೂ ಆಗಿತ್ತು. ಭಾಷಣಕ್ಕೆ ಚಪ್ಪಾಳೆ ಬಿತ್ತು.

ಮರುದಿನ ಮಧ್ಯಾಹ್ನ ಎಸ್‌ಟಿ ಬಸ್ಸು ಇಳಿದು ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

“ಇನ್ನೂ ಹನಿ ನೀರ ಮುಟ್ಟಿಲ್ರಿ. ನಾ ಹಿಡೀತೀನಂದ್ರೂ ಕೇಳವಲ್ರು.”

ಒಳಗೆ ಅವ್ವ ಮಿಂದು, ಹಣೆಗೆ ವಿಭೂತಿ ಹಚ್ಚಿಕೊಂಡು, ಗೋಡೆಗೆ ಒರಗಿ ಕೂತಿದ್ದಳು. ತುಟಿ ಒಣಗಿತ್ತು. ನನಗೆ ತಡೆಯಲಾರದಷ್ಟು ಸಿಟ್ಟು ಬಂತು.

“ಸಾಯಬೇಕಂತ ಮಾಡೀ ಏನು? ಆಕಿ ಕೈಗೆ ಏನಾಗೇತಿ? ಆಕಿಗೆ ಲಿಂಗರೆ ಐತಿ!”

ಅವ್ವ ತನ್ನ ಎಡ ಮುಂಗೈ ನನ್ನ ಮುಂದೆ ಚಾಚಿದಳು.

“ಆಕಿಗೆ ಆಕಿ ಲಿಂಗ ಐತೆಪಾ. ನಿನಗ ಇದೊಂದ ಐತಿ.”

ನಾನು ಚೀಲ ಕೆಳಗಿಟ್ಟು ಕೈ ತೊಳೆಯಲು ಬಚ್ಚಲಿಗೆ ಹೋದೆ.