ಅತ್ತೆಯ ಎಲೆಚೀಲ

ಕಳ್ಳಂಬೆಳ್ಳದ ಕೆರೆ ಏರಿಯ ಬಳಿ ನಮ್ಮ ಇದ್ದಿಲು ಬಸ್ಸು ಉಸಿರು ಕಟ್ಟಿ ನಿಂತಿತು. ಡ್ರೈವರು ಹಿಂದಿನ ಒಲೆಗೆ ಇದ್ದಿಲು ತುಂಬುತ್ತಿದ್ದ. ಹುಣಸೆಮರದಡಿ ನಾನು, ನಮ್ಮತ್ತೆ, ಅವರ ಕಿರಿಯಳಿಯ ರುದ್ರಪ್ಪ ಕುಳಿತಿದ್ದೆವು. ಈ ಬೇಸಿಗೆಯಲ್ಲಿ ಶಿರಾ, ಮಧುಗಿರಿ, ಕೊರಟಗೆರೆ ಮೂರು ಕಡೆಯೂ ರಾಟೆತೊಟ್ಟಿಲು ಹೂಡಿದ್ದಾರೆಂದು ಕೇಳಿ, ಮೂರನ್ನೂ ಹತ್ತಿ ಬರೋಣವೆಂದು ಹೊರಟವರು ನಾವು.

"ಬೆಂಗ್ಳೂರಲ್ಲಿ ಹತ್ತಿದ್ದೆ ಕಣತ್ತೆ. ಮೇಲಿಂದ ಜನ ಇರುವೆ ಹರಿದಂಗೆ ಕಾಣ್ತಾರೆ" ಎಂದ ರುದ್ರಪ್ಪ.

ಹಿರಿಯಳಿಯನಾದ ನನಗೇ ಯಾವಾಗಲೂ ಮೊದಲು ಬರುತ್ತಿದ್ದ ಎಲೆಅಡಿಕೆ ಅಂದು ಅತ್ತೆಯ ಎಲೆಚೀಲದಿಂದ ಅವನ ಕೈಗೆ ಹೋಯಿತು. ನನ್ನ ಹೊಟ್ಟೆಯಲ್ಲೂ ಒಂದು ಇದ್ದಿಲ ಒಲೆ ಹೊತ್ತಿಕೊಂಡಿತು.

"ನಾನೂ ಹತ್ತಿದೀನಿ, ಅದಕ್ಕಿಂತ ಎತ್ತರದ್ದು" ಎಂದೆ. ಹತ್ತಿದ್ದು ಸುಳ್ಳು.

"ಯಾವೂರಲ್ಲಣ್ಣ?"

"ಮೈಸೂರಲ್ಲಿ ಕಣಯ್ಯ!"

ಅತ್ತೆ ಇಬ್ಬರ ಮುಖವನ್ನೂ ನೋಡಿ, "ಸಿರಾದಾಗೆ ಗೊತ್ತಾಯ್ತದೆ ಬುಡಿ" ಎಂದರು.

ಶಿರಾದಲ್ಲಿ ತೊಟ್ಟಿಲು ಕಿರುಗುಟ್ಟುತ್ತ ಆಕಾಶಕ್ಕೇರಿದ್ದನ್ನು ಕಂಡದ್ದೇ ರುದ್ರಪ್ಪನಿಗೆ ಸೊಂಟ ಹಿಡಿಯಿತು, ನನಗೆ ತಲೆ ಸುತ್ತಿತು. ಅತ್ತೆ ಎಲೆಚೀಲವನ್ನು ನಮ್ಮ ಕೈಗಿತ್ತು, ಒಬ್ಬರೇ ಹತ್ತಿ ಆರು ಸುತ್ತು ಸುತ್ತಿದರು. ಇಳಿದವರೇ ಚೀಲ ಬಿಚ್ಚಿ, ಮೊದಲ ಎಲೆಅಡಿಕೆಯನ್ನು ರಾಟೆ ತಿರುಗಿಸಿದವನಿಗೆ ಕೊಟ್ಟರು.