ಪೆಡಲಿನ ಮೇಲೆ ಇನ್ನೊಂದು ಕಾಲು

ನಾನು ವಿಜ್ಞಾನ ಓದಿದವಳು. ಹೊಳೆನರಸೀಪುರದಲ್ಲಿ ಬಿ.ಎಸ್ಸಿ. ಮಾಡುತ್ತಿದ್ದ ಕಾಲದಲ್ಲಿ ನಮ್ಮಜ್ಜಿ ಯಾರದ್ದೋ ಮೈಮೇಲೆ ದೇವರು ಬಂದ ಸಂಗತಿ ಹೇಳಲು ಕೂತರೆ, "ಅದು ನರದ ತೊಂದರೆ ಅಜ್ಜಿ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನು ಬರೆಯಲು ಹೊರಟಿರುವುದನ್ನು ಇನ್ನೊಬ್ಬರು ಬರೆದಿದ್ದರೆ ಅರ್ಧಕ್ಕೇ ಪುಟ ಮಗುಚುತ್ತಿದ್ದೆ. ನೀವೂ ಹಾಗೆ ಮಾಡಿದರೆ ನನಗೆ ಬೇಸರವಿಲ್ಲ. ನಾಲ್ಕು ವರ್ಷದಿಂದ ಒಂದು ಮಧ್ಯಾಹ್ನವನ್ನು ಮತ್ತೆ ಮತ್ತೆ ನೆನೆಸಿಕೊಳ್ಳುವುದು ನಿಂತಿಲ್ಲ. ಬರೆದರೆ ನಿಂತೀತೇನೋ ಎಂಬ ಆಸೆ, ಅಷ್ಟೇ.

ಮೊದಲು ನನ್ನ ಕೆಲಸ ಏನೆಂದು ಹೇಳಬೇಕು. ಹೊರದೇಶದ ಆಸ್ಪತ್ರೆಯಲ್ಲಿ ಡಾಕ್ಟರು ರೋಗಿಯನ್ನು ನೋಡಿ ಮುಗಿಸಿ, ಕಂಡದ್ದನ್ನೆಲ್ಲ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾರೆ. ಆ ಧ್ವನಿ ನಮ್ಮ ಕಂಪ್ಯೂಟರಿಗೆ ಬರುತ್ತದೆ. ನಾವು ಹೆಡ್‌ಫೋನಿನಲ್ಲಿ ಕೇಳಿ ಟೈಪು ಮಾಡಿ, ವರದಿ ಮಾಡಿ ಕಳಿಸುತ್ತೇವೆ. ಇದಕ್ಕೆ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಎನ್ನುತ್ತಾರೆ. ಎರಡು ಕೈಯೂ ಕೀಲಿಮಣೆಯ ಮೇಲಿರುವುದರಿಂದ ಧ್ವನಿಯನ್ನು ನಡೆಸುವುದು ಕಾಲು. ಮೇಜಿನ ಕೆಳಗೆ ಹೊಲಿಗೆ ಯಂತ್ರಕ್ಕಿರುವ ಹಾಗೆ, ಆದರೆ ಅಂಗೈ ಅಗಲದ್ದು, ಒಂದು ಪೆಡಲು ಇರುತ್ತದೆ. ನಡುವೆ ಒತ್ತಿದರೆ ಧ್ವನಿ ಓಡುತ್ತದೆ, ಬಲತುದಿ ಒತ್ತಿದರೆ ಮುಂದಕ್ಕೆ ಹಾರುತ್ತದೆ, ಎಡತುದಿ ಒತ್ತಿದರೆ ಹಿಂದಕ್ಕೆ ಬರುತ್ತದೆ. ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ಇದನ್ನು ನಾನು ಕಲಿತದ್ದು ಹಾಸನದಲ್ಲಿ, ಬಿತ್ತನೆ ಆಲೂಗಡ್ಡೆ ಮಾರುವ ಅಂಗಡಿಯೊಂದರ ಮಹಡಿಯ ಮೇಲೆ. ದಿನಾ ಬೆಳಿಗ್ಗೆ ನರಸೀಪುರದಿಂದ ಬಸ್ಸು. ಬಿತ್ತನೆಯ ಕಾಲದಲ್ಲಿ ಕೆಳಗಿನಿಂದ ಹಸಿಮಣ್ಣಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಇವತ್ತಿಗೂ ಕೈಕಾಲಿನ ಮೂಳೆಗಳ ಹೆಸರು ಟೈಪು ಮಾಡುವಾಗ ನನ್ನ ಮೂಗಿಗೆ ಆಲೂಗಡ್ಡೆ ಬಡಿಯುತ್ತದೆ. ಎಂಟು ಕಂಪ್ಯೂಟರು, ಎಂಟು ಪೆಡಲು. ಚಪ್ಪಲಿ ಬಾಗಿಲ ಹೊರಗೆ.

ಕಲಿಸುತ್ತಿದ್ದವರು ವಿಮಲಾ ಮೇಡಂ. ಅರಕಲಗೂಡಿನವರು. ಮೊದಲು ನರ್ಸ್ ಆಗಿದ್ದರಂತೆ, ಆಮೇಲೆ ಈ ಕೆಲಸ ಕಲಿತರಂತೆ. ಯಾರ ಹೆಸರನ್ನೂ ಹಿಡಿದು ಕರೆಯುತ್ತಿರಲಿಲ್ಲ, ಊರಿನ ಹೆಸರಲ್ಲೇ ಕೂಗುತ್ತಿದ್ದರು. ಚನ್ನರಾಯಪಟ್ಟಣದಿಂದ ಬರುತ್ತಿದ್ದವಳು 'ಪಟ್ಣ', ನನ್ನ ಪಕ್ಕದ ರೂಪಾ 'ಶಾಂತಿಗ್ರಾಮ', ನಾನು 'ನರಸೀಪುರ'. "ಲೇ ಶಾಂತಿಗ್ರಾಮ, ಆ ಮನುಷ್ಯನ್ ಪಿತ್ತಕೋಶ ಎಡಗಡೆ ಇಟ್ಟಿದ್ದೀಯಲ್ಲೇ, ನಿಮ್ಮೂರಲ್ಲಿ ಅಂಗೇ ಇರದಾ?" ಎಂದರೆ ಎಲ್ಲರೂ ಹೆಡ್‌ಫೋನ್ ತೆಗೆದು ನಗಬೇಕು.

ಆದರೆ ಕಿವಿಯ ಮೇಲೆ ಹೆಡ್‌ಫೋನ್ ಇರುವವರಿಗೆ ಬಾಯಲ್ಲಿ ಹೇಳಿ ಕಲಿಸುವುದು ಹೇಗೆ? ಅದಕ್ಕೆ ಮೇಡಂ ಒಂದು ದಾರಿ ಮಾಡಿಕೊಂಡಿದ್ದರು. ಒಂದು ಸ್ಟೂಲು ಎಳೆದುಕೊಂಡು ನಮ್ಮ ಪಕ್ಕ ಕೂರುತ್ತಿದ್ದರು. ನಾವು ಸರಿಯಾಗಿ ಕೇಳದೆ ಮುಂದೆ ಓಡಿದೆವು ಎಂದರೆ, ಮೇಜಿನ ಕೆಳಗೆ ಅವರ ಎಡಗಾಲು ಬಂದು ಪೆಡಲಿನ ಎಡತುದಿಯನ್ನು ಒತ್ತುತ್ತಿತ್ತು. ಬರೆಯುವುದೂ ಎಡಗೈಯಲ್ಲೇ, ಒತ್ತುವುದೂ ಎಡಗಾಲಲ್ಲೇ. ಅವರ ಬೆಳ್ಳಿಯ ಕಾಲುಂಗುರ ಪ್ಲಾಸ್ಟಿಕ್ಕಿಗೆ ತಗುಲಿ ಟಕ್ ಎನ್ನುತ್ತಿತ್ತು, ಕೆಲವು ಸಲ ನಮ್ಮ ಕಾಲಬೆರಳಿಗೂ ತಣ್ಣಗೆ ತಾಗುತ್ತಿತ್ತು. ಕಿವಿಯೊಳಗೆ ಡಾಕ್ಟರು ಕಿಚಕಿಚ ಎಂದು ಹಿಂದಕ್ಕೆ ಓಡಿ ಬರುತ್ತಿದ್ದರು. ತಿರುಗಿ ನೋಡಿದರೆ ಮೇಡಮ್ಮಿನ ತುಟಿ ಆಡುತ್ತಿತ್ತು: "ಇನ್ನೊಂದ್ಸಲ ಕೇಳು." ಒಂಬತ್ತು ತಿಂಗಳಲ್ಲಿ ಅವರು ನಮ್ಮನ್ನು ಬೈದದ್ದಕ್ಕಿಂತ ಹಾಗೆ ಒತ್ತಿದ್ದೇ ಹೆಚ್ಚು.

ಅವರು ಎಚ್ಚರಿಸುತ್ತಿದ್ದ ಒಂದು ವಿಷಯವಿತ್ತು. ಒಬ್ಬ ಡಾಕ್ಟರು ಎಲ್ಲ ರೋಗಿಗಳ ಬಗ್ಗೆಯೂ ಕೆಲವು ಮಾತನ್ನು ಒಂದೇ ರೀತಿ ಹೇಳುತ್ತಾರೆ. ಸಿಗರೇಟು ಸೇದುವುದಿಲ್ಲ, ಸಕ್ಕರೆ ಕಾಯಿಲೆ ಇಲ್ಲ, ಯಾವ ಔಷಧಿಯಿಂದಲೂ ಅಲರ್ಜಿ ಇಲ್ಲ, ಹೀಗೆ. ಅದನ್ನು ಪ್ರತಿಸಲ ಟೈಪು ಮಾಡುವ ಬದಲು ಒಮ್ಮೆ ಬರೆದು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುತ್ತೇವೆ. ಮೂರು ಅಕ್ಷರ ಒತ್ತಿದರೆ ಇಡೀ ಪ್ಯಾರಾ ಬಂದು ಕೂರುತ್ತದೆ. ನಮ್ಮವರೆಲ್ಲ ಮಾಡುವುದೇ ಹೀಗೆ. "ಮಾಡ್ಕಳಿ, ಬ್ಯಾಡ ಅನ್ನಲ್ಲ," ಎನ್ನುತ್ತಿದ್ದರು ಮೇಡಂ. "ಆದ್ರೆ ಪ್ಯಾರಾ ಹಾಕಿದ್ ಮೇಲೂ ಅಷ್ಟನ್ನೂ ಕೇಳ್ಬೇಕು. ಮುಂದಕ್ಕೆ ಹಾರ್ಸಿದ್ರೋ, ಕಾಲ್ ಮುರೀತೀನಿ."

ನನಗೆ ಕೆಲಸ ಸಿಕ್ಕಿತು. ಮನೆಯಿಂದಲೇ ಮಾಡುವ ಕೆಲಸ. ಅಷ್ಟರಲ್ಲಿ ಧ್ವನಿ ಕೇಳಿ ತಾನೇ ಟೈಪು ಮಾಡುವ ಯಂತ್ರಗಳು ಬರತೊಡಗಿದವು. ಹೊಸಬರು ಕಲಿಯಲು ಬರುವುದು ಕಡಿಮೆಯಾಯಿತು, ಮೇಡಂ ತರಗತಿ ಮುಚ್ಚಿದರು. ಮುಚ್ಚಿದ ದಿನ ಎಂಟು ಪೆಡಲನ್ನೂ ಹಳೇ ವಿದ್ಯಾರ್ಥಿಗಳಿಗೆ ಹಂಚಿದರು. ನನ್ನದನ್ನು ವೃತ್ತಪತ್ರಿಕೆಯಲ್ಲಿ ಸುತ್ತಿ ಕೊಡುತ್ತಾ, "ನರಸೀಪುರ, ಅರಕಲಗೂಡು ದೂರ ಏನಲ್ಲ ಕಣೇ. ಬಂದೋಗು," ಎಂದರು. "ಬತ್ತೀನಿ ಮೇಡಂ," ಎಂದೆ. ಎರಡು ವರ್ಷ ಹೋಗಲಿಲ್ಲ. ಬಸ್ಸಿಗೆ ಒಂದೇ ಗಂಟೆಯ ದಾರಿ.

ಇನ್ನು ಆ ಮಧ್ಯಾಹ್ನ.

ನಮಗೆ ಮಧ್ಯಾಹ್ನ ಮೂರಾದರೆ ಅಲ್ಲಿ ಇನ್ನೂ ಬೆಳಕು ಹರಿದಿರುವುದಿಲ್ಲ. 'ತುರ್ತು' ಎಂಬ ಗುರುತಿದ್ದ ಒಂದು ಫೈಲು ಬಂತು. ಮೂವತ್ತನಾಲ್ಕು ವರ್ಷದ ಹೆಂಗಸು, ಬೆಳಿಗ್ಗೆ ಮೊದಲನೆಯದೇ ಆಕೆಯ ಆಪರೇಷನ್. ಅದಕ್ಕೆ ಮುಂಚೆ ವರದಿ ಸೇರಬೇಕು. ಡಾಕ್ಟರು ನನಗೆ ಒಂದು ವರ್ಷದಿಂದ ಪರಿಚಿತ ಧ್ವನಿ, ಕೆಮ್ಮಿನ ಮಧ್ಯೆ ಏನು ಹೇಳುತ್ತಾರೆಂಬುದೂ ನನಗೆ ಬಾಯಿಪಾಠ. ಮಾಮೂಲು ಪ್ಯಾರಾದ ಜಾಗ ಬಂತು. ಮೂರು ಅಕ್ಷರ ಒತ್ತಿದೆ, ಪ್ಯಾರಾ ಬಂದು ಕೂತಿತು. ಬಲತುದಿ ಒತ್ತಿ ಧ್ವನಿಯನ್ನು ಮುಂದಕ್ಕೆ ಹಾರಿಸಿದೆ. ಎಷ್ಟು ಸಲ ಹಾಗೆ ಮಾಡಿದ್ದೆನೋ ಲೆಕ್ಕವಿಲ್ಲ. ಹೊಟ್ಟೆಯ ಪರೀಕ್ಷೆಯ ಭಾಗ ಟೈಪು ಮಾಡುತ್ತಿದ್ದಾಗ ಕಿವಿಯಲ್ಲಿ ಕಿಚಕಿಚ ಎಂದು ಧ್ವನಿ ಹಿಂದಕ್ಕೆ ಓಡಿತು.

ಕಾಲು ಜಾರಿರಬೇಕು ಎಂದುಕೊಂಡೆ. ಮತ್ತೆ ಮುಂದಕ್ಕೆ ಹಾರಿಸಿದೆ. ನಾಲ್ಕು ಪದ ಟೈಪು ಮಾಡುವುದರೊಳಗೆ ಮತ್ತೆ ಹಿಂದಕ್ಕೆ. ಈ ಸಲ ನನ್ನ ಕಿರುಬೆರಳಿನ ಪಕ್ಕಕ್ಕೆ ಏನೋ ತಣ್ಣಗೆ ತಾಗಿತು. ಲೋಹದ ತಂಪು. ಬಗ್ಗಿ ನೋಡಿದೆ. ಮೇಡಂ ಕೊಟ್ಟ ಪೆಡಲು, ನನ್ನ ಕಾಲು, ನೆಲ. ಬೇರೆ ಏನೂ ಇಲ್ಲ.

ಎರಡು ಕಾಲನ್ನೂ ಎತ್ತಿ ಕುರ್ಚಿಯ ಮೇಲೆ ಮಡಚಿಕೊಂಡೆ. ಪೆಡಲಿನ ಹತ್ತಿರ ಯಾರೂ ಇಲ್ಲ, ಈಗ ನೋಡೋಣ ಎಂದು ಮೌಸಿನಿಂದಲೇ ಧ್ವನಿಯನ್ನು ಮುಂದಕ್ಕೆ ತಂದೆ. ಕಿಟಕಿಯ ಬಿಸಿಲು ನೇರವಾಗಿ ಮೇಜಿನ ಕೆಳಗೆ ಬೀಳುತ್ತಿತ್ತು. ಫ್ಯಾನು ತಿರುಗುತ್ತಿತ್ತು. ಹೊರಗೆ ಅಮ್ಮ ಹಪ್ಪಳ ಮಗುಚಿ ಹಾಕುತ್ತಿದ್ದಳು. ನಾನು ನೋಡುತ್ತಿದ್ದ ಹಾಗೆಯೇ ಪೆಡಲಿನ ಎಡತುದಿ ಕೆಳಗಿಳಿಯಿತು. ಯಾರೋ ನಿಧಾನವಾಗಿ ಒತ್ತಿದ ಹಾಗೆ ಇಳಿದು, ಕಿವಿಯಲ್ಲಿ ಧ್ವನಿ ಹಿಂದಕ್ಕೆ ಓಡುವಷ್ಟು ಹೊತ್ತು ಅಲ್ಲೇ ನಿಂತು, ಆಮೇಲೆ ಮೇಲೆದ್ದಿತು.

ಎದ್ದು ಓಡಬೇಕಿತ್ತು. ಯಾಕೆ ಓಡಲಿಲ್ಲವೋ ತಿಳಿಯದು. ಹೆದರಿಕೆಗಿಂತ ಮೊದಲು ನನಗೆ ಆದದ್ದು ನಾಚಿಕೆ, ತರಗತಿಯಲ್ಲಿ ಸಿಕ್ಕಿಬಿದ್ದವಳ ನಾಚಿಕೆ. ಕಾಲು ಇಳಿಸಿದೆ. ನಡುವೆ ಒತ್ತಿದೆ. ಕೇಳಿದೆ.

ಡಾಕ್ಟರು ಮಾಮೂಲಿನ ಮಾತನ್ನೇ ಹೇಳುತ್ತಿದ್ದರು. ಸಿಗರೇಟು ಇಲ್ಲ. ಸಕ್ಕರೆ ಇಲ್ಲ. ಆಮೇಲೆ ಅದೇ ಬೇಸರದ ದನಿಯಲ್ಲಿ, ಸ್ಪಷ್ಟವಾಗಿ: ಪೆನಿಸಿಲಿನ್ ಆಗುವುದಿಲ್ಲ, ಹಿಂದೊಮ್ಮೆ ಕೊಟ್ಟಾಗ ಗಂಟಲು ಊದಿ ಉಸಿರು ನಿಂತು ಮೂರು ದಿನ ಉಸಿರಾಟದ ಯಂತ್ರದ ಮೇಲಿದ್ದಳು. ನನ್ನ ಪರದೆಯ ಮೇಲೆ ಮಾತ್ರ, ನನ್ನದೇ ಮೂರಕ್ಷರ ತಂದು ಕೂರಿಸಿದ ಪ್ಯಾರಾದ ಕೊನೆಯಲ್ಲಿ, ಈಕೆಗೆ ಯಾವ ಔಷಧಿಯೂ ತೊಂದರೆ ಮಾಡುವುದಿಲ್ಲ ಎಂದಿತ್ತು.

ತಿದ್ದಿದೆ. ಮೊದಲಿನಿಂದ ಕೊನೆಯವರೆಗೆ ಎರಡು ಸಲ ಕೇಳಿ ಕಳಿಸಿದೆ. ಆಪರೇಷನ್ನಿಗೆ ಮುಂಚೆ ಅಲ್ಲಿಯ ನರ್ಸು ಇನ್ನೊಮ್ಮೆ ರೋಗಿಯನ್ನು ಕೇಳುತ್ತಾರೆ, ನಿಜ. ತಪ್ಪು ಅಲ್ಲಿ ಸಿಕ್ಕಿಬೀಳುತ್ತಿತ್ತೇನೋ. ಸಿಕ್ಕದೆಯೂ ಇರಬಹುದಿತ್ತು. ಆ ಹೆಂಗಸಿನ ಮುಖ ನನಗೆ ಗೊತ್ತಿಲ್ಲ, ಆದರೂ ಆಕೆ ಉಸಿರಿಗಾಗಿ ಒದ್ದಾಡುವುದನ್ನು ಈಗಲೂ ಕಾಣುತ್ತೇನೆ. ಅಮ್ಮ ಒಳಗೆ ಬಂದವಳು, "ಯಾಕವ್ವ, ಗರ ಬಡ್ದೋಳಂಗೆ ಕುಂತಿದ್ದೀಯ? ಊಟ ಮಾಡ್ದೆ ಕೆಲ್ಸಕ್ ಕುಂತ್ರೆ ಇನ್ನೇನಾದಾತು," ಎಂದು ಗದರಿದಳು.

ನಾನು ಮೇಡಮ್ಮಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಕೊನೆಗೆ ಶಾಂತಿಗ್ರಾಮದ ರೂಪಾಳಿಗೆ ಮಾಡಿದೆ.

"ನಿಂಗೆ ಗೊತ್ತೇ ಇಲ್ವೇನೇ?" ಎಂದಳು ರೂಪಾ. "ಮೇಡಮ್ಮಿಗೆ ಸ್ಟ್ರೋಕ್ ಆಗಿ ಇಪ್ಪತ್ತು ದಿನ ಆಯ್ತಲ್ಲೇ. ಬಲಗಡೆ ಪೂರ್ತಿ ಬಿದ್ದೋಗದೆ. ಮಾತಿಲ್ಲ. ಗ್ರೂಪಲ್ಲಿ ಹಾಕಿದ್ನಲ್ಲ, ನೋಡೇ ಇಲ್ವಾ?"

ನೋಡಿರಲಿಲ್ಲ. ಬೆಳಗಿನ ಶುಭಾಶಯಗಳ ಕಾಟಕ್ಕೆ ಫೋನಿನಲ್ಲಿದ್ದ ನಮ್ಮ ಹಳೇ ತರಗತಿಯವರ ಆ ಗ್ರೂಪಿನ ಸದ್ದು ನಿಲ್ಲಿಸಿ ಎಷ್ಟೋ ತಿಂಗಳಾಗಿತ್ತು.

ಮಾರನೆಯ ದಿನ ಅರಕಲಗೂಡಿಗೆ ಹೋದೆ. ಎರಡು ವರ್ಷ ಸಿಗದ ಬಿಡುವು ಒಂದು ರಾತ್ರಿಯಲ್ಲಿ ಸಿಕ್ಕಿತ್ತು. ಬಾಗಿಲು ತೆಗೆದವರು ಮೇಡಮ್ಮಿನ ಯಜಮಾನರು ಶಿವಣ್ಣನವರು. "ನರಸೀಪುರದೋಳಾ? ಬಾ ತಾಯಿ. ನಿನ್ ಸುದ್ದಿ ಏಳೋಳು," ಎಂದು ಒಳಗೆ ಕರೆದುಕೊಂಡು ಹೋದರು.

ಮೇಡಂ ಮಂಚದ ಮೇಲೆ ಮಲಗಿದ್ದರು. ಕಣ್ಣು ತೆರೆದಿತ್ತು, ನನ್ನ ಮೇಲೆ ಬಂದು ಸ್ವಲ್ಪ ಹೊತ್ತು ನಿಂತಿತು. ಗುರುತು ಸಿಕ್ಕಿತೋ ಇಲ್ಲವೋ ಹೇಳಲಾರೆ. ಬಲಗೈ, ಬಲಗಾಲು ಇಟ್ಟಲ್ಲೇ ಇದ್ದವು. ಆದರೆ ಹೊದಿಕೆಯ ಹೊರಗೆ ಚಾಚಿದ್ದ ಎಡಗಾಲು ಸುಮ್ಮನಿರಲಿಲ್ಲ. ಮಂಚದ ಕೊನೆಯ ಹಲಗೆಗೆ ಪಾದ ಆನಿಸಿ ಒತ್ತುತ್ತಿದ್ದರು. ಒತ್ತುವುದು, ಹಿಡಿಯುವುದು, ಬಿಡುವುದು.

"ಯಾವಾಗಿಂದ ಹೀಗೆ ಮಾಡ್ತಿದಾರೆ?" ಎಂದು ಕೇಳಿದೆ.

"ಮೊದ್ಲು ಇರ್ನಿಲ್ಲ ಕಣವ್ವ. ಸುಮ್ಕೆ ಬಿದ್ದಿರೋಳು," ಎಂದರು ಶಿವಣ್ಣ. "ನಿನ್ನೆನೋ ಮೊನ್ನೆನೋ ಸುರು ಅಚ್ಕಂಡವ್ಳೆ. ಗಂಜಿ ಕುಡಿಸ್ತಿದ್ದೆ, ಒದ್ದ ಏಟ್ಗೆ ಲೋಟ ಬಿದ್ದೋಯ್ತು. ಡಾಕ್ಟ್ರು ಅದೊಳ್ಳೇದೇ ಬುಡಿ ಅಂದ್ರು."

ನಿನ್ನೆಯೋ ಮೊನ್ನೆಯೋ, ಎಷ್ಟು ಗಂಟೆಗೆ ಎಂದು ಕೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಹೆಂಡತಿಗೆ ಕೈಯಾರೆ ಉಣಿಸಿ, ಮೈ ತೊಳೆಯುತ್ತಿರುವ ಮನುಷ್ಯನ ಹತ್ತಿರ ಗಂಟೆ ಕೇಳುವ ಧೈರ್ಯ ನನಗಾಗಲಿಲ್ಲ. ಅವರು ಏನು ಉತ್ತರ ಕೊಡುತ್ತಾರೋ ಎಂಬ ಭಯವೂ ಇತ್ತು. ಇನ್ನೊಂದು ವಿಷಯ ಆಗಲೇ ಕಣ್ಣಿಗೆ ಬಿತ್ತು. ಆ ಕಾಲಬೆರಳಲ್ಲಿ ಕಾಲುಂಗುರವಿರಲಿಲ್ಲ. ವರ್ಷಗಟ್ಟಲೆ ತೊಟ್ಟ ಬೆಳ್ಳಗಿನ ಗುರುತು ಮಾತ್ರ ಇತ್ತು. ಸ್ಕ್ಯಾನ್ ಮಾಡುವಾಗ ತೆಗೆಸಿದರಂತೆ.

ಶಿವಣ್ಣ ಕಾಫಿ ತರಲು ಒಳಗೆ ಹೋದಾಗ ನಾನು ಮಂಚದ ತುದಿಗೆ ಹೋಗಿ, ಹಲಗೆಗೂ ಅವರ ಪಾದಕ್ಕೂ ನಡುವೆ ನನ್ನ ಅಂಗೈ ಇಟ್ಟೆ. ಅವರು ಒತ್ತಿದರು. ಬಲವಿತ್ತು ಆ ಒತ್ತಿನಲ್ಲಿ. "ಕೇಳಿದೆ ಮೇಡಂ," ಎಂದೆ. "ಇನ್ನೊಂದ್ಸಲ ಕೇಳ್ದೆ. ತಿದ್ದಿ ಕಳಿಸ್ದೆ." ಕಾಲು ನಿಂತಿತು. ನಾನು ಅಲ್ಲಿದ್ದಷ್ಟು ಹೊತ್ತೂ ಮತ್ತೆ ಆಡಲಿಲ್ಲ. ದಣಿದಿರಬಹುದು. ಬೇರೆಯವರ ಕೈ ಬಿಸಿಗೆ ಹಾಗಾಗಿರಲೂಬಹುದು. ಓದಿದವಳಾಗಿ ನಾನು ಇಷ್ಟನ್ನೇ ಹೇಳಬಲ್ಲೆ.

ಪೆಡಲನ್ನು ಹಾಸನದಲ್ಲಿ ರಿಪೇರಿಯವನಿಗೆ ತೋರಿಸಿದೆ. ಹಳೆಯದು, ಒಳಗಿನ ಸ್ಪ್ರಿಂಗು ಸಡಿಲವಾಗಿರುತ್ತದೆ, ತಾನೇ ಇಳಿಯುತ್ತಿರಬೇಕು ಎಂದು ಹೇಳುತ್ತಾನೆಂದು ಆಸೆಪಟ್ಟಿದ್ದೆ. ಅವನು ಬಿಚ್ಚಿ ನೋಡಿ, "ಎಲ್ಲಾ ಗಟ್ಟಿಮುಟ್ಟಾಗದೆ ಮೇಡಂ, ಇನ್ನೂ ಹತ್ತು ವರ್ಷ ಬತ್ತದೆ," ಎಂದು ಮುಚ್ಚಿ ಕೊಟ್ಟ.

ಮೇಡಂ ಎಂಟು ತಿಂಗಳು ಇದ್ದರು. ನಾಲ್ಕು ಸಲ ಹೋಗಿ ಬಂದೆ. ಮಾತು ಬರಲೇ ಇಲ್ಲ. ಅವರು ಹೋದ ಮೇಲೆ ಫೋನಿನಲ್ಲಿ ಅವರ ದನಿಗಾಗಿ ಹುಡುಕಿದೆ. ಗುಲಾಬಿ ಹೂವಿನ ಚಿತ್ರಗಳಿದ್ದವು, ಹಬ್ಬದ ಶುಭಾಶಯಗಳಿದ್ದವು, ಒಂದೇ ಒಂದು ಮಾತಿನ ರೆಕಾರ್ಡ್ ಇರಲಿಲ್ಲ. ಯಾವ ದೇಶದ ಯಾವ ಡಾಕ್ಟರು ಎಲ್ಲಿ ಕೆಮ್ಮುತ್ತಾರೆ, ಎಲ್ಲಿ ನೀರು ಕುಡಿಯುತ್ತಾರೆ ಎಂಬುದು ನನ್ನ ಕಿವಿಯಲ್ಲಿದೆ. 'ನರಸೀಪುರ' ಎಂದು ಕರೆಯುತ್ತಿದ್ದ ದನಿ ಮಾತ್ರ ದಿನದಿಂದ ದಿನಕ್ಕೆ ತೆಳುವಾಗುತ್ತಿದೆ. ಅದನ್ನು ಹಿಂದಕ್ಕೆ ಓಡಿಸಿ ಕೇಳಲು ಯಾವ ಪೆಡಲೂ ಇಲ್ಲ.

ಈಗ ಯಂತ್ರವೇ ಮೊದಲು ಟೈಪು ಮಾಡಿ ಕೊಡುತ್ತದೆ, ನಾವು ಕೇಳಿ ತಿದ್ದುವವರು. ಮೂರಕ್ಷರದ ಆ ಪ್ಯಾರಾವನ್ನು ನಾನು ಅಳಿಸಿಹಾಕಿದ್ದೇನೆ. ಆದರೂ ಮಾಮೂಲಿನ ಮಾತು ಬರುವ ಜಾಗದಲ್ಲಿ ದಿನಾ ಒಂದು ಗಳಿಗೆ ಕಾಲು ಎತ್ತಿಕೊಂಡು ಮೇಜಿನ ಕೆಳಗೆ ನೋಡುತ್ತೇನೆ. ಆ ದಿನ ಬಂದದ್ದು ಏನೆಂದು ನನಗೆ ಗೊತ್ತಿಲ್ಲ. ಇನ್ನೊಮ್ಮೆ ಬಂದರೆ ಹೆದರುವುದಿಲ್ಲ ಎಂಬುದು ಗೊತ್ತು. ಪೆಡಲು ಅಲ್ಲಾಡುವುದಿಲ್ಲ. ಆಮೇಲೆ ನಾನೇ ಕಾಲಿಳಿಸಿ ಎಡತುದಿಯನ್ನು ಒತ್ತಿ, ಇನ್ನೊಂದು ಸಲ ಕೇಳುತ್ತೇನೆ.